ಬೆಲ್ಲದ ಗೋಡೆಯ ಮೇಲೆ ಮೂರು ದಿನ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಹೋದರೂ ಕೂತಲ್ಲಿಂದಲೇ ಕೈಯನ್ನು ಹಿಂದಕ್ಕೆ ಚಾಚಿ, ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇನೆ. ಒಮ್ಮೆ ಪಾಂಡವಪುರದಲ್ಲಿ ನನ್ನ ತಮ್ಮನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬರುವ ಹೊತ್ತಿಗೆ ಸರಿಯಾಗಿ ನಾನು ಅವರ ನಡುಮನೆಯ ಗೋಡೆಗೆ ಕಿವಿಯಿಟ್ಟು ಬಡಿಯುತ್ತಿದ್ದೆ. ‘ಇವರಿಗೆ ಕಿವಿ ಸ್ವಲ್ಪ ಮಂದ’ ಎಂದು ನನ್ನ ಹೆಂಡತಿ ಪುಟ್ಟಮ್ಮ ಹೇಗೋ ಸಂಭಾಳಿಸಿದಳು. ಸಂಬಂಧವೂ ಕುದುರಿತು. ಆದರೆ ಆ ಬೀಗರು ಇವತ್ತಿಗೂ ನನ್ನೊಡನೆ ಕೂಗಿಯೇ ಮಾತಾಡುತ್ತಾರೆ.

ಈ ಚಟ ಅಂಟಿಕೊಂಡದ್ದು ನಮ್ಮೂರಿನಲ್ಲಿ ಸ್ಕೂಲು ಕಟ್ಟಿಸಿದಾಗ. ಆ ಕಥೆಯನ್ನು ಊರಿನವರು ಒಂದು ರೀತಿ ಹೇಳುತ್ತಾರೆ. ನನಗೆ ಅನುಕೂಲವಾಗಿದ್ದುದರಿಂದ ನಾನೂ ಬಹಳ ಕಾಲ ಹಾಗೆಯೇ ಹೇಳಿಕೊಂಡು ಬಂದೆ. ಆದರೆ ಈಚೆಗೆ ನನಗೆ ನೆನಪಿನ ಮೇಲೆ ನಂಬಿಕೆ ಕಡಿಮೆಯಾಗಿದೆ. ಅದು ಅವಸರದ ಗಾರೆಯವನ ಹಾಗೆ, ಬಿರುಕು ಕಂಡ ಕಡೆಯೆಲ್ಲ ಸುಣ್ಣ ಬಳಿದು ಮುಂದಕ್ಕೆ ಹೋಗಿಬಿಡುತ್ತದೆ. ಈ ಸಲ ಸುಣ್ಣವನ್ನು ಕೆರೆದು ಹೇಳಲು ಪ್ರಯತ್ನಿಸುತ್ತೇನೆ.

ನಮ್ಮೂರು ಸಿಂಧಘಟ್ಟದಿಂದ ಎರಡು ಮೈಲಿ. ಆಗ ಮಕ್ಕಳು ಚಾವಡಿಯಲ್ಲಿ ಕೂತು ಓದುತ್ತಿದ್ದರು. ಚಾವಡಿಯ ಇನ್ನೊಂದು ಅರ್ಧದಲ್ಲಿ ಪಟೇಲರ ಎತ್ತುಗಳನ್ನು ಕಟ್ಟಿರುತ್ತಿದ್ದರು. ಮಕ್ಕಳು ಮಗ್ಗಿ ಹೇಳುವಾಗ ಅವೂ ತಲೆಯಾಡಿಸುತ್ತಿದ್ದವು. ಆ ಎರಡು ಎತ್ತುಗಳಿಗೆ ಹದಿಮೂರರ ಮಗ್ಗಿ ಬರುತ್ತಿತ್ತೆಂದು ನಮ್ಮ ಕಡೆ ಈಗಲೂ ಮಾತಿದೆ. ಅರ್ಧ ನೀವು ಹಾಕಿ, ಇನ್ನರ್ಧ ನಾವು ಹಾಕುತ್ತೇವೆ ಎಂದಿತು ಸರ್ಕಾರ. ನಮ್ಮ ಕೈಯಲ್ಲಿ ದುಡ್ಡಿರಲಿಲ್ಲ, ಬೆಲ್ಲವಿತ್ತು. ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸಿದಾಗಲೆಲ್ಲ ನಾಲ್ಕು ಅಚ್ಚು ಬೆಲ್ಲ ಸ್ಕೂಲಿಗೆಂದು ಎತ್ತಿಡಬೇಕೆಂದು ತೀರ್ಮಾನವಾಯಿತು. ಒಂದಿಡೀ ಕಬ್ಬಿನ ಕಾಲ ಹಾಗೆ ಎತ್ತಿಟ್ಟು, ಮಾರಿ ದುಡ್ಡು ಮಾಡಿದೆವು. ಇಲ್ಲಿಂದಲೇ ತಾಪತ್ರಯ ಶುರುವಾದದ್ದು. ಬರೀ ಸರ್ಕಾರದ ಹಣವಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇದು ಬೆಲ್ಲ ನೋಡಿ; ಊರಿನಲ್ಲಿ ಪ್ರತಿಯೊಬ್ಬನೂ ಸ್ಕೂಲಿನ ಯಜಮಾನನಾಗಿಬಿಟ್ಟ.

‘ಓದಿರೋ ಆಳು ನೀನೊಬ್ಬನೇ ಕಣಪ್ಪ, ಕೆಲಸ ಅಚ್ಚುಕಟ್ಟಾಯ್ತದಾ ಅಂತ ನಿಂತ್ಕಂಡು ನೋಡ್ಕೊ’ ಎಂದರು ಪಟೇಲರು. ಮೈಸೂರಿನಲ್ಲಿ ಎರಡು ಸಲ ಇಂಟರ್‌ಮೀಡಿಯೆಟ್ ಫೇಲಾಗಿದ್ದ ನನಗೆ ಎದೆಯುಬ್ಬಿತು. ನಿಜವಾದ ಕಾರಣ ಆಮೇಲೆ ತಿಳಿಯಿತು. ಕಂಟ್ರಾಕ್ಟು ಹಿಡಿದಿದ್ದವನು ನನ್ನ ಹೆಂಡತಿಯ ತಮ್ಮ, ನಾಗಮಂಗಲದ ಜವರಪ್ಪ. ಜಗಳವಾದರೆ ಅವರ ಮನೆಯೊಳಗೇ ಆಗಲಿ, ಊರಿಗೆ ಯಾಕೆ ಎಂಬುದು ಪಟೇಲರ ಲೆಕ್ಕಾಚಾರ.

ನಾನು ಟೇಪು, ತೂಗುಗುಂಡು, ಒಂದು ಕೊಡೆ ಸಂಪಾದಿಸಿಕೊಂಡು ಹಾಜರಾದೆ. ದಿನವೂ ಅಳೆದೆ. ಉದ್ದ ಸರಿ, ಅಗಲ ಸರಿ, ಮೂಲೆ ಸರಿ. ಮೊದಲಿಗೆ ಎದ್ದ ಬಡಗಣ ಗೋಡೆ ಎದೆಮಟ್ಟಕ್ಕೆ ಬಂದ ದಿನ ನಿಂಗವ್ವ ಬಂದಳು. ನಮ್ಮೂರಿಗೆಲ್ಲ ಹಿರಿಯ ಮುದುಕಿ ಆಕೆ. ಅರ್ಧ ಎಕರೆ ಕಬ್ಬಿನಲ್ಲೂ ತನ್ನ ಪಾಲಿನ ಬೆಲ್ಲ ಕೊಟ್ಟಿದ್ದವಳು.

‘ನನ್ ಬೆಲ್ಲದ್ ಇಟ್ಟಿಗೆ ಯಾವ್ದ್ಲಾ?’ ಎಂದಳು.

‘ಅಂಗೆಲ್ಲ ಬೇರೆ ಬೇರೆ ಇರಾಕಿಲ್ಲ ದೊಡ್ಡವ್ವ. ಎಲ್ಲಾ ಸೇರ್ಕೊಂಡಿರ್ತದೆ.’

‘ಅಂಗಾರೆ ಎಲ್ಲಾನೂ ನೋಡ್ಬೇಕಾಯ್ತದೆ’ ಎಂದು ನಿಂಗವ್ವ ಒಂದು ಇಟ್ಟಿಗೆಯನ್ನು ಕೈಗೆತ್ತಿಕೊಂಡು ಗೆಣ್ಣಿನಿಂದ ಬಡಿದಳು. ಡಬ್ ಎಂದಿತು. ಇನ್ನೊಂದು. ಡಬ್. ‘ಬೆಂದಿಲ್ಲ ಕಣ್ಲಾ ಮಗ. ಸಂತೇಲಿ ಒಂದು ಮಡಕೆ ತಕ್ಕಳಕೆ ಅತ್ತು ಸಲ ಬಡ್ದು ನೋಡ್ತೀವಿ. ಇಸ್ಟು ದೊಡ್ಡ ಗ್ವಾಡೆ ಕಟ್ಟಿಸ್ತಿದ್ದೀಯ, ಒಂದ್ ಸಲನಾರ ಬಡ್ದು ನೋಡಿದ್ಯೇನ್ಲಾ?’

ಟೇಪಿನಲ್ಲಿ ಅದಕ್ಕೆ ಗುರುತಿರಲಿಲ್ಲ. ಮರುದಿನ ಬೆಳಿಗ್ಗೆ ಎರಡು ಇಟ್ಟಿಗೆಗಳನ್ನು ಬಾನಿಯ ನೀರಿನಲ್ಲಿ ಮುಳುಗಿಸಿಟ್ಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಬಾನಿಯಲ್ಲಿ ಅಂಬಲಿಯಿತ್ತು. ಜವರಪ್ಪನನ್ನು ಕರೆದು ತೋರಿಸಿದೆ. ಪಾಪ, ಅವನದು ಮೊದಲನೆಯ ಕಂಟ್ರಾಕ್ಟು. ಸೌದೆ ಸಾಲದೆ ಗೂಡಿನ ಬೆಂಕಿ ಆರಿಹೋಗಿದ್ದ ಇಟ್ಟಿಗೆ ಅಗ್ಗಕ್ಕೆ ಸಿಕ್ಕಿತ್ತು, ತಂದಿದ್ದ.

‘ಗಾರೆ ಬಳ್ದ ಮ್ಯಾಕೆ ಒಳ್ಗೆ ಏನೈತೆ ಅಂತ ಯಾರು ನೋಡ್ತಾರೆ ಬುಡಿ ಬಾವ’ ಎಂದ.

‘ಮಳೆ ನೋಡುತ್ತೆ’ ಎಂದು ನಾನು ಉತ್ತರ ಕೊಟ್ಟೆನೆಂದು ಊರಿನಲ್ಲಿ ಪ್ರಸಿದ್ಧಿ. ಸುಣ್ಣ ಕೆರೆಯುತ್ತೇನೆಂದು ಹೇಳಿದ್ದೇನಲ್ಲ. ಆ ಮಾತು ನನಗೆ ಹೊಳೆದದ್ದು ಆರು ತಿಂಗಳಾದ ಮೇಲೆ, ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕೂತಿದ್ದಾಗ. ಅವತ್ತು ನಾನು ಅಂದದ್ದು ‘ಹೂಂ’ ಅಂತ ಅಷ್ಟೆ.

ಮಾತಿನಲ್ಲಿ ಸೋತವನಿಗೆ ಹಟವೊಂದೇ ಗತಿ. ಮಾರನೆಯ ಬೆಳಿಗ್ಗೆ ಹೋಗಿ ಬಡಗಣ ಗೋಡೆಯ ಮೇಲೆ ಹತ್ತಿ ಕೂತೆ. ನಾನು ಕೂತಿರುವ ತನಕ ಅದರ ಮೇಲೆ ಇನ್ನೊಂದು ವರಸೆ ಇಟ್ಟಿಗೆ ಏಳುವಂತಿಲ್ಲ. ಕೆಲಸದವರು ಗೋಡೆಯ ಆ ತುದಿಗೆ ಹೋದರು. ನಾನೂ ಕೂತಂತೆಯೇ ಜರುಗಿಕೊಂಡು ಆ ತುದಿಗೆ ಹೋದೆ. ಈ ತುದಿಗೆ ಬಂದರು. ಕೊಡೆ ಹಿಡಿದುಕೊಂಡು ಈ ತುದಿಗೆ ಜರುಗಿದೆ. ‘ಇಳೀರಿ ಬಾವ, ಊರೋರು ನಗ್ತಾವ್ರೆ’ ಎಂದ ಜವರಪ್ಪ. ‘ಗೋಡೆ ಇಳಿಸು, ನಾನೂ ಇಳೀತೀನಿ’ ಎಂದೆ. ಇದು ಮಾತ್ರ ನಾನೇ, ಆಗಲೇ ಆಡಿದ ಮಾತು. ನಿಂಗವ್ವ ಮುದ್ದೆ, ಉಪ್ಸಾರು ತಂದು ಗೋಡೆಯ ಮೇಲಕ್ಕೇ ಎಟುಕಿಸಿದಳು. ಮನೆಯಲ್ಲಿ ನನಗೆ ಊಟದ ಭರವಸೆ ಇರಲಿಲ್ಲ.

ಪುಟ್ಟಮ್ಮ ನನ್ನೊಡನೆ ಮಾತು ಬಿಟ್ಟಿದ್ದಳು. ಸಂಜೆ ಕೆಲಸ ನಿಂತ ಮೇಲೆ ನಾನು ಮನೆಗೆ ಹೋದರೆ, ಹೇಳಬೇಕಾದುದನ್ನೆಲ್ಲ ನನಗೆ ಕೇಳಿಸುವಂತೆ ಎಮ್ಮೆಗೆ ಹೇಳುತ್ತಿದ್ದಳು. ‘ನಿಂಗಾರ ಬುದ್ಧಿ ಐತೆ ಕಣವ್ವ ಗೌರಿ. ನೀನೇನು ನನ್ ತಮ್ಮನ್ ಒಟ್ಟೆ ಮ್ಯಾಲೆ ಒಡೀನಿಲ್ಲ.’ ಎಮ್ಮೆ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ. ಇದರಲ್ಲೂ ನೆನಪು ಸ್ವಲ್ಪ ಸುಣ್ಣ ಬಳಿದಿರಬಹುದು.

ಮೂರನೆಯ ದಿನ ಪುಟ್ಟಮ್ಮ ನಮ್ಮ ಆರು ವರ್ಷದ ಮಗಳು ರಾಜಿಯ ಕೈ ಹಿಡಿದುಕೊಂಡು ಬಂದಳು. ನನ್ನನ್ನು ಎಳೆದು ಇಳಿಸಲೆಂದೇ ಬಂದಿದ್ದಳೆಂದು ಈಗಲೂ ಒಪ್ಪಿಕೊಳ್ಳುತ್ತಾಳೆ. ಕೆಲಸ ನಿಂತಿತು. ಜವರಪ್ಪನ ಮುಖ ಅರಳಿತು. ಅವಳು ಮೊದಲು ಮಾತಾಡಿಸಿದ್ದು ಮಗಳನ್ನು.

‘ಸ್ಕೂಲು ಕಟ್ಟಾದ ಮ್ಯಾಕೆ ನೀನೆಲ್ಲವ್ವ ಕೂರೋದು?’

ರಾಜಿ ಓಡಿ ಬಂದು ಸರಿಯಾಗಿ ನನ್ನ ಕಾಲ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತಳು. ‘ಇಲ್ಲಿ!’

ಪುಟ್ಟಮ್ಮ ಬಗ್ಗಿ, ಮಗಳ ತಲೆಯ ಪಕ್ಕದ ಇಟ್ಟಿಗೆಯನ್ನು ಬಡಿದಳು. ಡಬ್. ಅದರ ಮೇಲಿನದು. ಡಬ್. ಪ್ರತಿ ಸೋಮವಾರ ಸಂತೆಯಲ್ಲಿ ಮಡಕೆ ಬಡಿಯುವ ಕೈ ಅದು. ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗಳನ್ನು ಎಬ್ಬಿಸಿ ತನ್ನ ಪಕ್ಕಕ್ಕೆಳೆದುಕೊಂಡು, ತಮ್ಮನ ಮುಖ ನೋಡಿದಳು.

‘ಜವರ, ಇಂಥ ಮಡಕೆ ಬಿಟ್ಟಿ ಕೊಟ್ರೂ ನಾನ್ ತಕ್ಕಳಾಕಿಲ್ಲ. ಕೆಡವು.’

ಆಮೇಲೆ, ಮೂರು ದಿನದಲ್ಲಿ ಮೊದಲ ಸಲ ಎಮ್ಮೆಯನ್ನು ಬಿಟ್ಟು ನೇರವಾಗಿ ನನಗೇ ಹೇಳಿದಳು. ‘ನೀವಿಳೀರಿ ಮೊದ್ಲು. ಬಿದ್ದುಗಿದ್ದೀರಿ.’

ಇಳಿಯಲು ಹೋದರೆ, ಕೆಲಸದವರು ಬೆಳಿಗ್ಗೆ ಆ ತುದಿಯಲ್ಲಿ ಹಾಕಿದ್ದ ಹಸಿ ಗಾರೆ ಒಣಗಿ ಪಂಚೆಯನ್ನು ಹಿಡಿದುಕೊಂಡಿತ್ತು. ಕೊನೆಗೆ ನಿಂಗವ್ವ ಕುಡುಗೋಲಿನಿಂದ ಒಂದು ಗೇಣು ಬಟ್ಟೆ ಕತ್ತರಿಸಿ ನನ್ನನ್ನು ಬಿಡಿಸಿದಳು. ಅರ್ಧ ದಿನದಲ್ಲಿ ಗೋಡೆ ನೆಲಕ್ಕೆ ಬಂತು. ಜವರಪ್ಪ ಅಕ್ಕಿಹೆಬ್ಬಾಳಿನ ಕಡೆಯಿಂದ ಚೆನ್ನಾಗಿ ಬೆಂದ ಇಟ್ಟಿಗೆ ತರಿಸಿದ. ಪ್ರತಿ ಗಾಡಿ ಬಂದಾಗಲೂ ನಿಂಗವ್ವ ಬಡಿದು ‘ಹೂಂ’ ಎಂದ ಮೇಲೆಯೇ ಅದು ಇಳಿಯುತ್ತಿತ್ತು. ಸ್ಕೂಲು ಇವತ್ತಿಗೂ ಕಲ್ಲಿನಂತೆ ನಿಂತಿದೆ. ರಾಜಿ ಅದೇ ಜಾಗದಲ್ಲಿ ಕೂತು ನಾಲ್ಕನೆಯ ಕ್ಲಾಸಿನವರೆಗೆ ಓದಿದಳು. ಗೋಡೆಯನ್ನು ಕೆಡವಿಸಿದವನು ನಾನೆಂದು ಊರು ಹೇಳುತ್ತದೆ. ಕೆಡವಿಸಿದವಳು ಪುಟ್ಟಮ್ಮ; ನಾನು ಸುಮ್ಮನೆ ಅದರ ಮೇಲೆ ಕೂತಿದ್ದೆ.

ಇನ್ನುಳಿದದ್ದು ಕೆಡವಿದ ಇಟ್ಟಿಗೆ. ತಮ್ಮನ ಮೊದಲ ಕಂಟ್ರಾಕ್ಟು ಮುಳುಗಬಾರದಲ್ಲ. ಪುಟ್ಟಮ್ಮ ಅಷ್ಟನ್ನೂ ದುಡ್ಡು ಕೊಟ್ಟು ನಮ್ಮ ಹಿತ್ತಿಲಿಗೆ ಗಾಡಿಯಲ್ಲಿ ಹೊಡೆಸಿಕೊಂಡು, ಪತ್ರಿಕೆಗಳಿಗೆ ಏನಾದರೂ ಗೀಚುತ್ತಿದ್ದ ನನಗೆ ಕೊಟ್ಟಿಗೆಯ ಪಕ್ಕದಲ್ಲೊಂದು ಬರೆಯುವ ಕೋಣೆ ಕಟ್ಟಿಸಿದಳು.

‘ಬಿಟ್ಟಿ ಕೊಟ್ರೂ ತಕ್ಕಳಾಕಿಲ್ಲ ಅಂದಿದ್ದೆಯಲ್ಲ?’ ಎಂದೆ.

‘ಅದು ಮಡಕೆ ಮಾತು. ಇವ್ನು ತಮ್ಮ. ಅಲ್ದೆ ಅದ್ರೊಳ್ಗೆ ಮಕ್ಳೇನು ಕೂರಾಕಿಲ್ಲವಲ್ಲ. ನೀವು ತಾನೆ?’

ಇದನ್ನು ಬರೆಯುತ್ತಿರುವುದು ಆ ಕೋಣೆಯಲ್ಲೇ. ಕಂಡವರ ಗೋಡೆಗಳನ್ನೆಲ್ಲ ಬಡಿಯುವ ನಾನು ಬೆನ್ನ ಹಿಂದಿನ ಈ ಗೋಡೆಯನ್ನು ಮಾತ್ರ ಇದುವರೆಗೆ ಬಡಿದು ನೋಡಿಲ್ಲ. ನನ್ನ ಬರಹಗಳು ಚಿಕ್ಕವಾಗಿರುತ್ತವೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲುತ್ತವೆ ಎಂದು ಕೆಲವು ಓದುಗರು ಮೆಚ್ಚಿ ಕಾಗದ ಬರೆಯುವುದುಂಟು. ಮಳೆಗಾಲದಲ್ಲಿ ಬರೆದವು ಇನ್ನೂ ಚಿಕ್ಕವು. ಈಗ ಸಿಂಧಘಟ್ಟದ ಕಡೆ ಮೋಡ ಕಟ್ಟಿದೆ.