ಶೇಕಡಾ ಐವತ್ತೇಳರ ಆದಾಯ ಪ್ರಮಾಣಪತ್ರ

ನಮ್ಮ ಹೋಬಳಿ ಕಚೇರಿಯ ಏಕೈಕ ಕಂಪ್ಯೂಟರು ದಿನಾ ಮುಂಜಾನೆ ಹತ್ತಕ್ಕೆ ಚಾಲೂ ಆಗುತ್ತದೆ ಮತ್ತು ಕೂಡಲೇ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತ ಕೂಡುತ್ತದೆ. ಹಿಂದಿನ ಸಂಜೆ ಸರಿಯಾಗಿ ಬಂದ್ ಮಾಡದಿದ್ದರೆ ಒಳಗಿನ ಡಿಸ್ಕಿಗೆ ಪೆಟ್ಟಾಗಿದೆಯೇ ಎಂದು ನೋಡಿಕೊಳ್ಳುವುದು ಅದರ ಧರ್ಮ. ಸರಿಯಾಗಿ ಬಂದ್ ಮಾಡದಿರುವುದು ಸಿಪಾಯಿ ಗುಡದಪ್ಪನ ಕರ್ತವ್ಯ. ವಿದ್ಯುತ್ ಉಳಿತಾಯದ ಸುತ್ತೋಲೆಯಂತೆ ಆತ ಐದೂವರೆಗೆ ಗೋಡೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆಯುತ್ತಾನೆ.

‘ತಪಾಸಣೆ ಬೇಡವಾದರೆ ಹತ್ತು ಸೆಕೆಂಡಿನೊಳಗೆ ಗುಂಡಿ ಒತ್ತಿರಿ’ ಎಂದು ಪರದೆಯ ಮೇಲೆ ಬರುವುದುಂಟು. ಆಪರೇಟರ್ ಊರ್ಮಿಳಾ ಒಮ್ಮೆ ಬೆರಳೆತ್ತಿದ್ದಳು.

“ಏ, ಏ! ತಪಾಸಣಿ ತಪ್ಪಿಸಿದವರು ಯಾರು ಅಂತ ಮ್ಯಾಲಿನವರು ಕೇಳಿದ್ರ ನಿನ್ನ ಬೆರಳ ಕಳಸ್ಲೇನವಾ?” ಎಂದರು ಸಾಹೇಬರಾದ ವೆಂಕಣ್ಣ.

ಅಂದೇ ಆದೇಶ ಹೊರಟಿತು: “ತಪಾಸಣೆ ಪೂರ್ಣಗೊಳ್ಳುವವರೆಗೆ ಕೀಬೋರ್ಡನ್ನು ತಿಜೋರಿಯಲ್ಲಿ ಇಡತಕ್ಕದ್ದು. ಸಾರ್ವಜನಿಕರು ಯಂತ್ರದ ಎದುರು ಕೆಮ್ಮಕೂಡದು.”

ಯಂತ್ರ ಹಳೆಯದು. ಸಂಜೆಯಾದರೂ ತಪಾಸಣೆ ಶೇಕಡಾ ನೂರು ಮುಟ್ಟುವುದಿಲ್ಲ. ಐದೂವರೆಗೆ ಗುಡದಪ್ಪ ಬರುತ್ತಾನೆ.

ಮೊಮ್ಮಗಳು ಶೈಲಶ್ರೀಯ ಹಾಸ್ಟೆಲ್ ಸೀಟಿಗೆ ಆದಾಯ ಪ್ರಮಾಣಪತ್ರ ಬೇಕೆಂದು ಕಸ್ತೂರೆವ್ವ ನಾಲ್ಕು ದಿನ ಅಲೆದಳು. ನಾಲ್ಕನೆಯ ದಿನ ಸಂಜೆ ಮೇಜಿನ ಮೇಲೆ ಚೀಲ ಇಟ್ಟೇಬಿಟ್ಟಳು.

“ಇವತ್ತ ಕಡೀ ದಿನಾ ಐತ್ರಿ ಸಾಹೇಬ್ರ. ಸೀಟು ಹೋದ್ರ ಹುಡುಗಿ ಸಾಲಿ ಬಿಡತೈತಿ.”

“ನಾ ಏನ್ ಮಾಡ್ಲಿ ಯವ್ವಾ, ಮಷಿನ್ ಈಗ ಐವತ್ತೇಳಕ್ಕ ಬಂದದ.”

“ಹಂಗಾರ ಐವತ್ತೇಳರಷ್ಟ ಕೊಡ್ರಿ! ಬರಿಗೈಲೆ ನಾ ಹೋಗಾಂಗಿಲ್ಲ.”

ವೆಂಕಣ್ಣ ನಿಯಮಗಳ ಪುಸ್ತಕ ತಿರುವಿದರು. ಹಾಗೆ ಕೊಡಬಾರದು ಎಂದು ಎಲ್ಲಿಯೂ ಇರಲಿಲ್ಲ. ಕೈಯಿಂದಲೇ ಬರೆದರು: “ಅರ್ಜಿದಾರರ ಆದಾಯವು ಈ ಕಚೇರಿಗೆ ಶೇಕಡಾ ಐವತ್ತೇಳರಷ್ಟು ಗೊತ್ತಿರುತ್ತದೆ.” ಸಿಕ್ಕಾ ಬಿತ್ತು. ಸ್ವಿಚ್ಚೂ ಬಿತ್ತು.

ಹಾಸ್ಟೆಲಿನ ವಾರ್ಡನ್ನರು ಪತ್ರವನ್ನು ಎರಡು ಸಲ ಓದಿ ಸ್ವೀಕರಿಸಿದರು. ಏಳು ದಿನದ ವಾರದಲ್ಲಿ ಶೇಕಡಾ ಐವತ್ತೇಳು ಅಂದರೆ ನಾಲ್ಕು ದಿನ. ಆದ್ದರಿಂದ ಶೈಲಶ್ರೀ ನಾಲ್ಕು ದಿನ ಹಾಸ್ಟೆಲಿನಲ್ಲಿ ಉಂಡು ಮಲಗತಕ್ಕದ್ದು, ಮೂರು ದಿನ ಊರಿಂದ ಬಸ್ಸಿಗೆ ಬರತಕ್ಕದ್ದು. ಯಾರಿಗೂ ತಕರಾರಿರಲಿಲ್ಲ. ಈಗ ಕಚೇರಿಯಲ್ಲಿ ಮುಂಜಾನೆ ನೊಣವೂ ಇರುವುದಿಲ್ಲ, ಪ್ರಮಾಣಪತ್ರಕ್ಕೆ ಜನರ ಪಾಳಿ ಹತ್ತುವುದು ಐದು ಗಂಟೆಯ ಮೇಲೆ.

ಮೊನ್ನೆ ಮಿಶ್ರಿಕೋಟಿ ಬಸ್ಸಿನಲ್ಲಿ ಕಸ್ತೂರೆವ್ವನ ಬಾಜೂಕ ಬುಡನಸಾಬರು ಮಗಳನ್ನು ಕರಕೊಂಡು ಕೂತಿದ್ದರು.

“ನಿಮ್ಮ ಹುಡುಗಿಗೆ ಹಾಸ್ಟೆಲ್ ಎಷ್ಟ ದಿನಾ ಕೊಟ್ಟಾರ್ರಿ?”

“ವಾರಕ್ಕ ಒಂದ ದಿನಾ ಬೇ. ನಾ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕಚೇರಿಗೆ ಹೋಗಿದ್ದೆ. ಮಷಿನ್ ಹದಿನಾಲ್ಕಕ್ಕ ಬಂದಿತ್ತು.”

ಕಸ್ತೂರೆವ್ವ ಮರುಗಿದಳು. “ಅಗದೀ ಅವಸರಾ ಮಾಡಿದ್ರಿ ಬಿಡ್ರಿ.”