ಮಾರ್ಷಲ್ ಬಿಟ್ಟೆದ್ದ ತಟ್ಟೆ

"ಆರು ವಾರ ಈ ಮನೆಯ ಹೊಸಿಲು ದಾಟೋದಿಲ್ಲ! ಅಡುಗೆ ನಂದು, ಪಾತ್ರೆ ನಂದು, ನಿನ್ನ ಔಷಧಿ ನಂದು. ಆಕಾಶವೇ ಕಳಚಿ ಬೀಳಲಿ, ನಿನ್ನ ಪಕ್ಕ ಬಿಟ್ಟು ಏಳೋದಿಲ್ಲ!"

ಹೀಗೆಂದು ಎದೆ ತಟ್ಟಿಕೊಂಡು ಘೋಷಿಸಿದ ಮಹಾಶಯ ನಾನೇ. ಡೆಲ್ಬರ್ಟ್ ಹೈನ್ಸ್, ವಯಸ್ಸು ಎಪ್ಪತ್ತಮೂರು, ನೆಬ್ರಾಸ್ಕದ ಒಂಬೈನೂರು ಜನರ ಊರೊಂದರ ಖಾಯಂ ನಿವಾಸಿ. ಘೋಷಣೆ ಕೇಳಿದವಳು ನನ್ನ ಹೆಂಡತಿ ಆರ್ಲೀನ್. ಆಸ್ಪತ್ರೆಯಲ್ಲಿ ಬಲಗಾಲಿಗೆ ಹೊಸ ಮಂಡಿ ಹಾಕಿಸಿಕೊಂಡು ಅವತ್ತಷ್ಟೇ ಮನೆಗೆ ಬಂದು, ಕಾಲು ಚಾಚಿ ಒರಗುಕುರ್ಚಿಯಲ್ಲಿ ಕೂತಿದ್ದಳು. ನನ್ನ ಭಾಷಣ ಮುಗಿಯುವವರೆಗೂ ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಸೈರನ್ ಆದ್ರೆ?"

"ನಾನು ಅಗ್ನಿಶಾಮಕ ದಳದಿಂದ ರಿಟೈರ್ ಆಗಿ ಎರಡು ವರ್ಷ ಆಯ್ತಲ್ಲ ಮಾರಾಯ್ತಿ!"

"ಅದು ನಂಗೊತ್ತು. ನಿನ್ನ ಕಾಲಿಗೆ ಗೊತ್ತಾ?"

ಅವಳು ಕೇಳಿದ್ದರಲ್ಲಿ ನ್ಯಾಯವಿತ್ತು. ನಮ್ಮೂರಿನ ಅಗ್ನಿಶಾಮಕ ದಳಕ್ಕೆ ಸಂಬಳವಿಲ್ಲ. ಸೈರನ್ ಕೂಗಿದರೆ ಕಟಿಂಗ್ ಮಾಡುವವ ಕತ್ತರಿ ಬಿಟ್ಟು, ಪಾದ್ರಿ ಪ್ರಾರ್ಥನೆ ಬಿಟ್ಟು ಓಡಬೇಕು. ನಲವತ್ತು ವರ್ಷ ನಾನು ಓಡಿದ್ದು ಊಟ ಬಿಟ್ಟು. ಅದೇನು ಶಾಪವೋ, ನಮ್ಮೂರಿನ ಬೆಂಕಿಗಳಿಗೆಲ್ಲ ನಾನು ಚಮಚ ಎತ್ತುವ ಹೊತ್ತೇ ಶುಭ ಮುಹೂರ್ತ! "ತಟ್ಟೆ ಮುಚ್ಚಿಡು ಆರ್ಲೀನ್, ಈಗ ಬಂದ್ಬಿಟ್ಟೆ!" ಎಂದು ಕೂಗಿ ಓಡುವುದು, ಮೂರು ಗಂಟೆ ಬಿಟ್ಟು ಮಸಿ ಮೂತಿಯಲ್ಲಿ ಬಂದು ಆರಿದ್ದನ್ನು ತಿನ್ನುವುದು. ನಮ್ಮ ಮದುವೆಯ ಇಪ್ಪತ್ತೈದನೇ ವರ್ಷದ ಕೇಕನ್ನು ಅವಳೊಬ್ಬಳೇ ಕತ್ತರಿಸಿದಳು. ನಾನು ಆ ಹೊತ್ತಿಗೆ ಯಾರದೋ ಹುಲ್ಲಿನ ಬಣವೆಗೆ ನೀರು ಬಿಡುತ್ತಿದ್ದೆ.

ಆದ್ದರಿಂದಲೇ ಈ ಸಲ ಹಟ. ಪಕ್ಕದ ಮನೆಯ ಬರ್ನೀಸ್ ಬಂದು, "ಡೆಲ್, ಚರ್ಚಿನ ಹೆಂಗಸರೆಲ್ಲ ಸರದಿ ಹಾಕ್ಕೊಂಡು ದಿನಾ ರಾತ್ರಿ ಊಟ ಕಳಿಸ್ತೀವಿ" ಎಂದಾಗ ನಾನು ಬಾಗಿಲಲ್ಲೇ ಕೈ ಅಡ್ಡ ಹಿಡಿದೆ.

"ಬೇಡಮ್ಮ ಬರ್ನೀಸ್. ಈ ಮನೇಲಿ ಗಂಡಸು ಬದುಕಿದಾನೆ."

"ಅದಕ್ಕೇ ಚಿಂತೆ" ಅಂದಳು ಬರ್ನೀಸ್.

ನಮ್ಮೂರಿನಲ್ಲಿ ಚರ್ಚಿನ ಹೆಂಗಸರ ಊಟ ಬೇಡ ಅಂದವರು ಚರಿತ್ರೆಯಲ್ಲೇ ಇಲ್ಲ. ಮೊದಲಿಗ ನಾನು!

ತಮಾಷೆ ಹಾಗಿರಲಿ, ನನಗೊಂದು ನಿಜವಾದ ದಿಗಿಲಿತ್ತು. ಆರ್ಲೀನ್ ಆಸ್ಪತ್ರೆಯ ಕಾರಿಡಾರಿನಲ್ಲಿ ಒಮ್ಮೆ ಮುಗ್ಗರಿಸಿದ್ದಳು. ಅವತ್ತಿನಿಂದ ನನ್ನ ಭುಜ, ಜೊತೆಗೆ ವಾಕರ್, ಎರಡೂ ಇಲ್ಲದೆ ಕುರ್ಚಿಯಿಂದ ಏಳುತ್ತಿರಲಿಲ್ಲ. ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, "ಮಂಡಿ ಸರಿಯಾಗಿದೆ, ಹೆದರಿಕೆ ಹೋಗಬೇಕು. ತಾನಾಗೇ ನಾಲ್ಕು ಹೆಜ್ಜೆ ಇಡದೇ ಹೋದ್ರೆ ಕಾಲು ಹಾಗೇ ಬಿಗಿದುಬಿಡುತ್ತೆ" ಅಂದಳು. ಮೂರನೇ ವಾರ ಬಂದರೂ ಆ ನಾಲ್ಕು ಹೆಜ್ಜೆ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳು ನನ್ನನ್ನು ಗೇಲಿ ಮಾಡುವುದೇ ನಿಂತುಹೋಗಿತ್ತು. ಗೇಲಿ ಮಾಡದ ಆರ್ಲೀನ್ ಜೊತೆ ನಾನು ಬದುಕಿ ಗೊತ್ತಿಲ್ಲ. ನನಗೆ ಭಯವಾಯಿತು.

ಹೇಗಾದರೂ ನಗಿಸಬೇಕೆಂದು ಒಂದು ಪೆಟ್ಟಿಗೆ ಡಿಸ್ಕ್ ತರಿಸಿದೆ. ಒಳಗೆ 'ಮಾರ್ಷಲ್ ಹೋಬಾರ್ಟ್'! ನಾನು ಚಡ್ಡಿ ಹಾಕುತ್ತಿದ್ದ ಕಾಲದ ಕಪ್ಪುಬಿಳುಪು ಕೌಬಾಯ್ ಟೀವಿ ಧಾರಾವಾಹಿ. ಮಾರ್ಷಲ್ ಅಂದರೆ ಆ ಊರಿನ ಪೊಲೀಸು. ಕುದುರೆ, ಧೂಳು, ಸೊಂಟಕ್ಕೆರಡು ಪಿಸ್ತೂಲು, ನೂರಾ ಹದಿನೆಂಟು ಕಂತು! ಪ್ರತಿ ಶನಿವಾರ ಸಂಜೆ ಓಣಿಯ ಹುಡುಗರೆಲ್ಲ ನಮ್ಮ ಮನೆ ನೆಲದ ಮೇಲೆ ಬೋರಲು ಮಲಗಿ ನೋಡುತ್ತಿದ್ದೆವು. ಕೇಡಿ ಗುಂಡು ತಿಂದು ನೆಲಕ್ಕುರುಳಿದ್ದೇ ತಡ, ಹೋ ಎಂದು ಅಂಗಳಕ್ಕೆ ನುಗ್ಗಿ, ಅದೇ ಕಾಳಗವನ್ನು ಕತ್ತಲಾಗುವವರೆಗೆ ನಾವೇ ಮತ್ತೆ ಆಡುತ್ತಿದ್ದೆವು.

ಅಟ್ಟ ಹುಡುಕಿ ಮಾರ್ಷಲ್ ಆಟದ ನನ್ನ ಹಳೆಯ ತಗಡಿನ ನಕ್ಷತ್ರ ಬಿಲ್ಲೆ ತೆಗೆದೆ. ಅಡುಗೆಯ ಏಪ್ರನ್ ಮೇಲೆ ಚುಚ್ಚಿಕೊಂಡೆ. ತಲೆಗೆ ಟೋಪಿ. "ಮೇಡಂ, ಈ ಊರಿಗೆ ಮಾರ್ಷಲ್ ಬಂದಿದಾನೆ" ಎಂದು ಬಾಗಿಲಿಗೆ ಒರಗಿ ನಿಂತೆ.

"ಮಾರ್ಷಲ್, ಏಪ್ರನ್ ತಿರುಗಾ ಮುರುಗಾ ಆಗಿದೆ" ಅಂದಳು. ಇಪ್ಪತ್ತು ದಿನದಲ್ಲಿ ಮೊದಲ ಗೇಲಿ! ನನಗೆ ಪದಕ ಸಿಕ್ಕಷ್ಟು ಖುಷಿ.

ನೋಡತೊಡಗಿದೆವು. ನೋಡುತ್ತಾ ನೋಡುತ್ತಾ ನನಗೆ ತಲೆಕೆಟ್ಟಿತು. ಅರವತ್ತು ವರ್ಷದ ಹಿಂದೆ ನಾನು ನೋಡಿದ್ದು ಇದನ್ನೇನಾ?

"ಆರ್ಲೀನ್, ನೋಡು! ಮಾರ್ಷಲ್ ಕಂಬಕ್ಕೆ ಒರಗ್ತಾನೆ, ಕುದುರೆಗೆ ಒರಗ್ತಾನೆ, ಬಾಗಿಲಿಗೆ ಒರಗ್ತಾನೆ. ನಾನು ಸ್ಟೈಲು ಅಂತ ತಿಳ್ಕೊಂಡು ಹೈಸ್ಕೂಲಿಡೀ ಗೋಡೆಗೆ ಒರಗಿದೆ. ಸ್ಟೈಲೂ ಅಲ್ಲ, ಮಣ್ಣೂ ಅಲ್ಲ. ಮಂಡಿನೋವು!"

"ಪಾಪ, ಆಪರೇಶನ್ ಮಾಡಿಸ್ಕೋಬೇಕಿತ್ತು" ಅಂದಳು ಅನುಭವಸ್ಥೆ.

ಆ ಊರಿನ ಬ್ಯಾಂಕಿನವನನ್ನು ಕಂಡರೆ ಹುಡುಗನಾಗಿದ್ದಾಗ ಹಲ್ಲು ಕಡಿಯುತ್ತಿದ್ದೆ. ಈಗ ಕೇಳಿಸಿಕೊಂಡರೆ ಆ ಮನುಷ್ಯ ಹೇಳುವುದಿಷ್ಟೇ: "ದಯವಿಟ್ಟು ಬೀದಿಯಲ್ಲಿ ಗುಂಡು ಹಾರಿಸಬೇಡಿ, ನನ್ನ ಕಿಟಕಿಗಾಜು ಇದು ನಾಲ್ಕನೇ ಸಲ ಒಡೆದದ್ದು." ಎಷ್ಟು ಸಮಂಜಸವಾದ ಮಾತು! ನಾನು ಎದ್ದು ಚಪ್ಪಾಳೆ ತಟ್ಟಿದೆ.

ಆರ್ಲೀನ್ ನೋಡುತ್ತಿದ್ದದ್ದು ಬೇರೆಯೇ. ಮಾರ್ಷಲ್ ಊಟ ಮಾಡುವುದು ಮಿಸೆಸ್ ಓಡೆಲ್ ಎಂಬ ವಿಧವೆಯ ಊಟದ ಮನೆಯಲ್ಲಿ. ಪ್ರತಿ ಕಂತಿನಲ್ಲೂ ಅವಳು ಬಿಸಿ ಬಿಸಿ ಬಡಿಸುತ್ತಾಳೆ, ಇವನು ಎರಡು ತುತ್ತು ತಿನ್ನುತ್ತಾನೆ, ಹೊರಗೆ ಢಂ! ಕುರ್ಚಿ ದೂಡಿ ಇವನು ಓಡುತ್ತಾನೆ.

"ಹದಿನೇಳು ಕಂತು ಆಯ್ತು" ಅಂದಳು ಆರ್ಲೀನ್. "ಒಂದು ಸಲವೂ ಪೂರ್ತಿ ತಿಂದಿಲ್ಲ. ಆ ತಟ್ಟೆ ಏನಾಗುತ್ತೆ?"

"ತಟ್ಟೆಗೇನೇ? ಅಲ್ಲಿ ಪ್ರಾಣ ಹೋಗ್ತಿದೆ!"

ಅವಳು ನನ್ನ ಕಡೆ ಒಂದು ನೋಟ ನೋಡಿ ಟೀವಿಗೆ ತಿರುಗಿದಳು.

ಮೂವತ್ತನೇ ಕಂತಿನಲ್ಲಿ ರಿಮೋಟು ಸತ್ತಿತು. ಮನೆಯಲ್ಲಿ ಹೊಸ ಸೆಲ್ಲುಗಳಿಲ್ಲ, ಹೊಸಿಲು ದಾಟುವಂತಿಲ್ಲ. ತಲೆ ಎತ್ತಿದೆ. ಅಡುಗೆಮನೆ ಬಾಗಿಲ ಮೇಲೆ, ಹೊಗೆ ಬಂದರೆ ಕೂಗುವ ಅಲಾರಂ. ಅದರ ಹೊಟ್ಟೆಯಲ್ಲಿ ಸರಿಯಾಗಿ ಎರಡು ಸೆಲ್! ಓದುಗರೇ, ಕ್ಷಮಿಸಿ. ಪ್ರತಿ ಅಕ್ಟೋಬರ್ ತಿಂಗಳು ಶಾಲೆಗೆ ಹೋಗಿ, "ಮಕ್ಕಳೇ, ಅಲಾರಂ ಸೆಲ್ ತೆಗೆಯೋ ಅಪ್ಪಂದಿರು ಕತ್ತೆಗಳು!" ಎಂದು ಮಕ್ಕಳ ಕೈಲಿ ಒಕ್ಕೊರಲಿನಿಂದ ಹೇಳಿಸುತ್ತಿದ್ದ ಕ್ಯಾಪ್ಟನ್ ನಾನೇ.

ಮಾರನೇ ದಿನ ಗುರುವಾರ, ಸಂಜೆ ಐದು ಗಂಟೆ. ಮಾರ್ಷಲ್ ತಿನ್ನುವಂಥದೇ ಬೀನ್ಸ್ ಕಾಳು, ಉಪ್ಪು ಹಾಕಿದ ಹಂದಿಮಾಂಸದ ಜೊತೆ ಅಜ್ಜಿಯ ಕಾಲದ ಕಬ್ಬಿಣದ ಬಾಣಲೆಯಲ್ಲಿ ಒಲೆಗೇರಿಸಿದೆ. "ಐದೇ ನಿಮಿಷ" ಎಂದು ಬಂದು ಕೂತೆ. ಟೀವಿಯಲ್ಲಿ ನಾಲ್ವರು ಕೇಡಿಗಳು ಮಾರ್ಷಲ್‌ನನ್ನು ಸುತ್ತುವರಿದಿದ್ದರು. ಐದು ನಿಮಿಷ ನಲವತ್ತಾಯಿತು.

"ಡೆಲ್, ಏನೋ ಸುಟ್ಟ ವಾಸನೆ."

ನಲವತ್ತು ವರ್ಷ ಹೊಗೆ ಕುಡಿದ ನನ್ನ ಮೂಗು ಯಾವತ್ತೋ ನಿವೃತ್ತಿ ಪಡೆದಿದೆ. "ಅದು ಗುಂಡಿನ ಹೊಗೆ ಕಣೇ, ಸುಮ್ನಿರು!" ಅಂದೆ.

ಕೊನೆಯ ಕೇಡಿ ಉರುಳಿದ. ಹಿಂದೆಲ್ಲ ನಾವು ಅಂಗಳಕ್ಕೆ ಓಡುತ್ತಿದ್ದ ಹೊತ್ತು ಇದು. ಈ ಮೂವತ್ತು ಕಂತಿನಲ್ಲೂ ಅಷ್ಟೇ, ಇಷ್ಟು ಹೊತ್ತಿಗೆ ನಾನು ಡಿಸ್ಕ್ ಬದಲಿಸಲೋ ಕಾಫಿ ಕಾಯಿಸಲೋ ಎದ್ದಿರುತ್ತಿದ್ದೆ. ಇವತ್ತು ಮಾತ್ರ ಸೊಂಟ ಹಿಡಿದುಕೊಂಡು ಅಲ್ಲೇ ಕೂತಿದ್ದೆ. ಹಾಗಾಗಿ ಜೀವಮಾನದಲ್ಲಿ ಮೊದಲ ಸಲ ಕೊನೆಯ ಅರ್ಧ ನಿಮಿಷ ನೋಡಿದೆ.

ಊಟದ ಮನೆ ಖಾಲಿ. ಮಿಸೆಸ್ ಓಡೆಲ್ ಬಾಗಿಲಲ್ಲಿ ನಿಂತು ಗುಂಡಿನ ಸದ್ದು ನಿಲ್ಲುವುದನ್ನೇ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಒಳಗೆ ಬಂದು, ಮಾರ್ಷಲ್ ಬಿಟ್ಟೆದ್ದ ತಟ್ಟೆಯ ಮೇಲೆ ಒಂದು ಬಿಳಿ ಬಟ್ಟೆ ಮುಚ್ಚಿ, ಎದುರಿನ ಕುರ್ಚಿಯಲ್ಲಿ ಕೂತು ಕಾಯುತ್ತಾಳೆ. ಅಷ್ಟೇ. ಕಂತು ಮುಗಿಯಿತು.

"ಪ್ರತಿ ಸಲವೂ ಹೀಗೇ ಮುಗಿಯುತ್ತಾ?" ಕೇಳಿದೆ.

"ಪ್ರತಿ ಸಲವೂ" ಅಂದಳು ಆರ್ಲೀನ್. "ನೀನು ಯಾವತ್ತೂ ಇರಲ್ಲ."

ನಲವತ್ತು ವರ್ಷದ ಮುಚ್ಚಿದ ತಟ್ಟೆಗಳೆಲ್ಲ ಕಣ್ಣ ಮುಂದೆ ಬಂದವು. ನಾನು ಬೆಂಕಿಯ ಮುಂದೆ ಶೂರನಾಗಿ ನಿಂತಾಗ ಇವಳು ಇಲ್ಲಿ ಒಬ್ಬಳೇ ಕೂತು, ಬರುತ್ತಾನೋ ಇಲ್ಲವೋ ಎಂದು ಬಾಗಿಲು ನೋಡುತ್ತಿದ್ದಳಲ್ಲ! ಒಂದು ದಿನವೂ ಅದು ಹೇಗಿತ್ತೆಂದು ನಾನು ಅವಳನ್ನು ಕೇಳಿರಲಿಲ್ಲ. ಅವಳ ಕೈ ಹಿಡಿದುಕೊಂಡೆ.

"ಆರ್ಲೀನ್, ಇಷ್ಟು ವರ್ಷ ನಾನು ನಿನ್ನ ಒಬ್ಬಳೇ ಬಿಟ್ಟು..."

ವೂಂಂಂಂಂ! ಸೈರನ್!

ಆಮೇಲೆ ಆದದ್ದು ನಾನು ಮಾಡಿದ್ದಲ್ಲ, ನನ್ನ ಕಾಲು ಮಾಡಿದ್ದು. ಕೈ ಬಿಟ್ಟೆ. ಬೂಟು ಮೆಟ್ಟಿದೆ. "ತಟ್ಟೆ ಮುಚ್ಚಿಡು ಆರ್ಲೀನ್, ಈಗ ಬಂದ್ಬಿಟ್ಟೆ!" ಎಂದು ಕೂಗಿ ಬಾಗಿಲು ದಾಟಿದೆ. ಹಿಂದಿನಿಂದ "ಡೆಲ್! ಡೆಲ್!" ಎಂದು ಅವಳು ಕೂಗಿದ್ದೂ ಕೇಳಿಸಿತು. ನಲವತ್ತು ವರ್ಷವೂ ಕೂಗುತ್ತಿದ್ದಳು!

ಮುಖ್ಯಬೀದಿಯಲ್ಲಿ ಟೋಪಿ, ಏಪ್ರನ್, ತಗಡಿನ ನಕ್ಷತ್ರ ಸಮೇತ ಎಪ್ಪತ್ತಮೂರರ ಮಾರ್ಷಲ್ ದೌಡಾಯಿಸಿದ. ಮೂರು ಬೀದಿ ದಾಟಿ ದಳದ ಠಾಣೆ ಮುಟ್ಟುವಷ್ಟರಲ್ಲಿ ಕೆಂಪು ಲಾರಿ ಹೊರಗೆ ಬರುತ್ತಿತ್ತು. ಮುಂದೆ ಕೂತವಳು ಈಗಿನ ಚೀಫ್ ಜನೆಲ್ ಹ್ರುಸ್ಕಾ, ನನ್ನದೇ ಶಿಷ್ಯೆ.

"ಯಾರ ಮನೆ ಜನೆಲ್?" ಏದುಸಿರಲ್ಲಿ ಕೂಗಿದೆ.

ಅವಳು ಕಿಟಕಿಯಿಂದ ಬಗ್ಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮದೇ, ಕ್ಯಾಪ್ಟನ್! ಅಡುಗೆಮನೆ ಕಿಟಕೀಲಿ ಹೊಗೆ ಅಂತ ಬರ್ನೀಸ್ ಫೋನ್ ಮಾಡಿದ್ರು!"

ಲಾರಿಯ ಬಾಗಿಲು ಹಿಡಿದೆ. "ಹತ್ತಿಸ್ಕೋ ನನ್ನ!"

"ಬೆಂಕಿಕೋಟು ಇಲ್ಲದವರನ್ನ ಹತ್ತಿಸ್ಬಾರ್ದು. ನಿಯಮ ಬರೆದೋರು ನೀವೇ!" ಲಾರಿ ಹೋಯಿತು.

ಬಂದ ದಾರಿಯಲ್ಲೇ ಓಡಿದೆ. ಬರುವಾಗ ಹಾರಿದ ಕಾಲು ಈಗ ಸೀಸವಾಗಿತ್ತು. ಟೋಪಿ ಎಲ್ಲೋ ಬಿತ್ತು. ತಲೆಯಲ್ಲಿ ಒಂದೇ ಮಾತು: ಅವಳು ಏಳಲಾರಳು. ನಾನಿಲ್ಲದೆ ಕುರ್ಚಿ ಬಿಟ್ಟು ಏಳಲಾರಳು. ಊರಿನ ಎಲ್ಲರ ಮನೆಗೂ ಹೊತ್ತಿಗೆ ಸರಿಯಾಗಿ ತಲುಪಿದವನು ಸ್ವಂತ ಮನೆಗೆ ಬೆಂಕಿ ಹಚ್ಚಿ, ಹೆಂಡತಿಯನ್ನು ಅದರೊಳಗೆ ಬಿಟ್ಟು ಓಡಿ ಬಂದಿದ್ದೇನೆ! ಅಳು ಬಂತು. ಅತ್ತುಕೊಂಡೇ ಓಡಿದೆ.

ಮನೆ ಮುಂದೆ ಲಾರಿ. ಕಿಟಕಿಗಳೆಲ್ಲ ತೆರೆದಿವೆ, ದಳದ ಹುಡುಗರು ದೊಡ್ಡ ಫ್ಯಾನ್ ಇಟ್ಟು ಹೊಗೆ ಹೊರಗೆ ನೂಕುತ್ತಿದ್ದಾರೆ. ಒರಗುಕುರ್ಚಿ ಖಾಲಿ! ವಾಕರ್ ಕುರ್ಚಿಯ ಪಕ್ಕದಲ್ಲೇ ಇದೆ!

"ಆರ್ಲೀನ್!"

"ಇಲ್ಲಿದೀನಿ, ಕಿರುಚಬೇಡ."

ಅಡುಗೆಮನೆ ಬಾಗಿಲಲ್ಲಿ, ಚೌಕಟ್ಟಿಗೆ ಭುಜ ಕೊಟ್ಟು, ಥೇಟ್ ಮಾರ್ಷಲ್ ಹೋಬಾರ್ಟ್ ಹಾಗೆ ಒರಗಿಕೊಂಡು ನಿಂತಿದ್ದಳು. ಒಂದು ಕೈಯಲ್ಲಿ ಬಟ್ಟೆ. ಹಿಂದೆ ಆರಿದ ಒಲೆ. ಅದರ ಮೇಲಿನ ಬಾಣಲೆಗೆ ಸರಿಯಾಗಿ ಕೂತ ಕಬ್ಬಿಣದ ಮುಚ್ಚಳ.

"ನೀನು... ನಡೆದೆ?"

"ಮತ್ತೇನು ಹಾರ್ಲಾ? ಎಂಟು ಹೆಜ್ಜೆ. ಎಣಿಸ್ಕೊಂಡೇ ಬಂದೆ."

"ಬೆಂಕಿ?"

"ಮುಚ್ಚಿಡು ಅಂದ್ಯಲ್ಲ. ಮುಚ್ಚಿಟ್ಟೆ."

ಅವಳನ್ನು ತಬ್ಬಿಕೊಂಡು ನಿಂತೆ. ಅವಳು ನಡುಗುತ್ತಿದ್ದಳು. ಹೆದರಿಕೆಯೆಂದುಕೊಂಡೆ. ನೋಡಿದರೆ ನಗು! ಮೂರು ವಾರದಿಂದ ನಾನು ಹಾತೊರೆದ ನಗು, ಕಣ್ಣಲ್ಲಿ ನೀರು ಬರುವಷ್ಟು.

"ಸ್ವಂತ ಮನೆ ಬೆಂಕಿ ಬಿಟ್ಟು... ಊರ ಬೆಂಕಿ ಆರಿಸೋಕೆ... ನಕ್ಷತ್ರ ಸಿಗಿಸ್ಕೊಂಡು..." ಅವಳಿಗೆ ವಾಕ್ಯ ಮುಗಿಸಲಾಗಲಿಲ್ಲ. ಜನೆಲ್ ಕುರ್ಚಿ ಮೇಲೆ ಹತ್ತಿ ಅಲಾರಂ ಬಿಚ್ಚಿದಳು. ಒಳಗೆ ನೋಡಿದಳು. ನನ್ನನ್ನು ನೋಡಿದಳು. ಅವಳೂ ಆರನೇ ಕ್ಲಾಸಿನಲ್ಲಿ ನನ್ನ ಭಾಷಣ ಕೇಳಿದವಳೇ.

"ಕ್ಯಾಪ್ಟನ್," ಅಂದಳು ಗಂಭೀರವಾಗಿ, "ಸೆಲ್ ತೆಗೆಯೋ ಅಪ್ಪಂದಿರಿಗೆ ಏನಂತಾರೆ?"

"ಕತ್ತೆ" ಅಂದೆ.

"ಕೇಳಿಸ್ಲಿಲ್ಲ."

"ಕತ್ತೆ!" ಅಂದೆ, ದಳದ ಹುಡುಗರೆಲ್ಲರ ಸಮಕ್ಷಮ.

ಮಾರನೇ ದಿನದಿಂದ ಚರ್ಚಿನ ಹೆಂಗಸರ ಗಾಜಿನ ಬೋಗುಣಿಗಳು ಮೆರವಣಿಗೆ ಬಂದವು. ಬೇಡ ಅನ್ನಲು ನನಗೆ ಬಾಯಿರಲಿಲ್ಲ. ಆರ್ಲೀನ್ ವಾಕರ್ ಮುಟ್ಟದೆ ಬಾಗಿಲಿಗೆ ಹೋಗಿ ಒಂದೊಂದನ್ನೂ ತಾನೇ ಇಸಿದುಕೊಂಡಳು.

ಭಾನುವಾರ ಸಂಜೆ ಬರ್ನೀಸ್ ಕೊಟ್ಟ ಕೋಳಿ ಶಾವಿಗೆ ಬಿಸಿ ಮಾಡಿ ಊಟಕ್ಕೆ ಕೂತೆವು. ಚಮಚ ಎತ್ತಿದೆ. ವೂಂಂಂಂಂ! ಕಾಲು ತಾನಾಗಿ ಮೇಜಿನ ಕೆಳಗೆ ಬೂಟು ತಡಕಿತು. ಇಲ್ಲ. ಕುರ್ಚಿಯ ಹಿಂದೆ? ಅಲ್ಲೂ ಇಲ್ಲ.

"ಜನೆಲ್ ತಗೊಂಡ್ಹೋದ್ಲು" ಅಂದಳು ಆರ್ಲೀನ್, ಶಾವಿಗೆ ಬಡಿಸುತ್ತಾ. "ಆರು ವಾರ ಆದ್ಮೇಲೆ ವಾಪಸ್ ಕೊಡ್ತಾಳಂತೆ. ಚೀಫ್ ಆರ್ಡರ್."

ಹೊರಗೆ ಲಾರಿ ಹೋದ ಸದ್ದು ಕೇಳಿಸಿತು. ಕಾಲು ಕುಣಿಯುತ್ತಲೇ ಇತ್ತು. ನಾನು ಎರಡು ಕೈಯಲ್ಲೂ ಮಂಡಿ ಅದುಮಿಕೊಂಡು ಕೂತೇ ಇದ್ದೆ. ಮೇಜಿನ ಆ ಕಡೆ ಆರ್ಲೀನ್ ನನ್ನನ್ನೇ ನೋಡುತ್ತಿದ್ದಳು. ಅವಳ ಕೈ ಅಭ್ಯಾಸಬಲದಿಂದ ಮುಚ್ಚುವ ಬಟ್ಟೆಯ ಮೇಲೆ ಹೋಗಿತ್ತು. ಸೈರನ್ ನಿಂತಿತು. ಅವಳು ನಿಧಾನವಾಗಿ ಆ ಬಟ್ಟೆ ಮಡಿಸಿ ಪಕ್ಕಕ್ಕಿಟ್ಟಳು. ನನಗೆ ಎದೆ ತುಂಬಿ ಬಂತು. ಈ ಸಂಭ್ರಮದಲ್ಲಿ ಒಂದು ದೊಡ್ಡ ಚಮಚ ಶಾವಿಗೆ ಹಾಗೇ ಬಾಯಿಗಿಟ್ಟೆ.

ಅಯ್ಯಯ್ಯೋ! ಕೆಂಡ! ನಲವತ್ತು ವರ್ಷ ಆರಿದ್ದನ್ನೇ ತಿಂದವನಿಗೆ, ಬಿಸಿ ಊಟ ಊದಿಕೊಂಡು ತಿನ್ನಬೇಕೆಂಬುದೇ ಮರೆತುಹೋಗಿತ್ತು. ನಾಲಿಗೆ ಸುಟ್ಟು, ಕಣ್ಣೀರು ಸುರಿದು, ಬಾಯಿ ತೆರೆದುಕೊಂಡು ಹಾ ಹಾ ಎಂದು ಕೈ ಬೀಸಿಕೊಳ್ಳತೊಡಗಿದೆ.

ಆರ್ಲೀನ್ ಎದ್ದಳು. ನಡೆದುಹೋಗಿ ಒಂದು ಲೋಟ ತಣ್ಣೀರು ತಂದು ನನ್ನ ಮುಂದಿಟ್ಟಳು. ತಲೆ ಸವರಿ, ಮೆತ್ತಗೆ ಕೇಳಿದಳು:

"ಅಗ್ನಿಶಾಮಕ ದಳಕ್ಕೆ ಫೋನ್ ಮಾಡ್ಲಾ?"