ಸದ್ದು ಮಾಡಿದರೆ ಶೂಬಿಲ್ ಹಾರಿಹೋಗುತ್ತೆ

ಹಕ್ಕಿ ನೋಡಬೇಕೆಂದರೆ ಬಾಯಿ ಮುಚ್ಚಿಕೊಂಡಿರಬೇಕು. ಕನ್ನಡದವರು ಎಂಟು ಜನ ಒಂದೇ ವ್ಯಾನಿನಲ್ಲಿ ಕೂತ ಮೇಲೆ ಅದು ಆಗದ ಮಾತು. ಹಾಗಾಗಿ ನಮ್ಮ ಗುಂಪಿನವರ ಕಣ್ಣಿಗೆ ಹಕ್ಕಿಗಿಂತ ಹೆಚ್ಚಾಗಿ ಫಜೀತಿಗಳೇ ಬೀಳುತ್ತವೆ. ಟೆಕ್ಸಾಸ್‌ನಲ್ಲೂ ಬಿದ್ದಿವೆ, ಆಫ್ರಿಕಾಕ್ಕೆ ಹೋದರೂ ಬೆನ್ನು ಬಿಡಲಿಲ್ಲ.

ಆಫ್ರಿಕಾ ಪ್ರವಾಸ ನನ್ನದೇ ಹುಚ್ಚು. ಆಸ್ಟಿನ್‌ನ ದ ಡೊಮೇನ್ ಬಡಾವಣೆಯಲ್ಲಿರುವ ನಮ್ಮ ಆಫೀಸಿನಲ್ಲಿ ನನ್ನ ಕಂಪ್ಯೂಟರ್ ತೆರೆದರೆ ಮೊದಲು ಕಾಣುವುದು ಶೂಬಿಲ್ ಎಂಬ ಹಕ್ಕಿಯ ಚಿತ್ರ. ನಿಂತರೆ ಎದೆಯೆತ್ತರ, ಬೂದು ಬಣ್ಣ, ಮುಖಕ್ಕೆ ಯಾರೋ ಹಳೇ ಬೂಟು ಸಿಕ್ಕಿಸಿದ ಹಾಗೆ ಕೊಕ್ಕು. ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ನಮ್ಮ ಮ್ಯಾನೇಜರ್‌ನ ವ್ಯಂಗ್ಯಚಿತ್ರ ಎಂದುಕೊಂಡದ್ದೂ ಉಂಟು. ಬದುಕಿನಲ್ಲಿ ಒಂದೇ ಒಂದು ಸಲ ಅದನ್ನು ಕಣ್ಣಾರೆ ನೋಡಬೇಕು, ಅಷ್ಟೇ ನನ್ನ ಆಸೆ. ಬೇರೆ ಯಾವ ಹಕ್ಕಿ ತಪ್ಪಿದರೂ ಪರವಾಗಿಲ್ಲ.

ಕೀನ್ಯಾದ ಗೈಡ್ ಮೊದಲೇ ಫೋನಿನಲ್ಲಿ ಎಚ್ಚರಿಸಿದ್ದ. "ಶೂಬಿಲ್ ಕೊನೆಯ ದಿನ, ಉಗಾಂಡಾದ ಜೌಗಿನಲ್ಲಿ. ಅದು ಗಂಟೆಗಟ್ಟಲೆ ಅಲ್ಲಾಡದೆ ನಿಂತಿರುತ್ತದೆ. ಆದರೆ ಸದ್ದಾದರೆ ಹಾರಿಹೋಗುತ್ತದೆ. ನಿಮ್ಮ ಗುಂಪಿನವರು ಶಾಂತ ಸ್ವಭಾವದವರು ತಾನೆ?"

"ತುಂಬಾ" ಎಂದೆ. ಮುಂದಿನದ್ದೆಲ್ಲ ಆ ಸುಳ್ಳಿನ ಫಲ.

ಕಾಡಿನ ಬಣ್ಣ

ನಮ್ಮ ಗುಂಪೆಂದರೆ ಆಸ್ಟಿನ್‌ನಿಂದ ನಾನು, ನನ್ನ ಗಂಡ, ನಮ್ಮತ್ತೆ. ಹ್ಯೂಸ್ಟನ್‌ನಿಂದ ಧಾರವಾಡದ ಅಂಕಲ್ ಮತ್ತು ಆಂಟಿ. ಡಲ್ಲಾಸ್ ಹತ್ತಿರದ ರಿಚರ್ಡ್‌ಸನ್‌ನಿಂದ ಒಬ್ಬ ಇಂಜಿನಿಯರ್, ಅವನ ಹೆಂಡತಿ, ನಾದಿನಿ.

ಅತ್ತೆಯನ್ನು ಕರೆದುಕೊಂಡು ಹೋಗುವ ಯೋಚನೆ ನನಗಿರಲಿಲ್ಲ. ಅವರ ಗಂಟಲು ಮೈಸೂರಿನ ಅಗ್ರಹಾರದಲ್ಲಿ ಮೂರು ಮನೆ ಆಚೆಯವರನ್ನು ಕಾಫಿಗೆ ಕರೆದು ಪಳಗಿದ್ದು. ಆದರೆ ಅವರು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದರು. "ಹಕ್ಕಿ ನೋಡೋಕೆ ನಿಂಗೆ ಕಣ್ಣಿದೆ, ನಂಗಿಲ್ವೇನೇ? ಮೊನ್ನೆ ತಾನೇ ಆಪರೇಷನ್ ಮಾಡಿಸಿಲ್ವಾ?"

ಹಕ್ಕಿಗಳು ಬೆದರದ ಹಾಗೆ ಕಾಡಿನ ಬಣ್ಣದ ಬಟ್ಟೆ ಹಾಕಬೇಕು ಎಂದು ಎಲ್ಲರಿಗೂ ಹೇಳಿದ್ದೆ. ಖರೀದಿಗೆ ಹ್ಯೂಸ್ಟನ್‌ಗೇ ಹೋದೆವು. ನಾವು ಖಾಕಿ ಪ್ಯಾಂಟು ಹುಡುಕಿಕೊಂಡು ಮಾಲಿಗೆ ಹೋಗುವಾಗ ಅತ್ತೆ, ಧಾರವಾಡದ ಆಂಟಿಯನ್ನು ಜೊತೆಮಾಡಿಕೊಂಡು, ಇಂಡಿಯನ್ ಅಂಗಡಿಗಳ ಬೀದಿಯಾದ ಹಿಲ್‌ಕ್ರಾಫ್ಟ್‌ನಲ್ಲೇ ಇಳಿದುಕೊಂಡರು. ಎರಡು ಗಂಟೆ ಬಿಟ್ಟು ಬಂದರೆ ಇಬ್ಬರೂ ಸೀರೆ ಅಂಗಡಿಯ ಮುಂದೆ ಗೆದ್ದ ಮುಖ ಮಾಡಿಕೊಂಡು ನಿಂತಿದ್ದಾರೆ. ಚೀಲ ಬಿಚ್ಚಿದೆ. ಗಿಳಿಹಸಿರು ಸೀರೆ, ಅದಕ್ಕೆ ಕುಂಕುಮದ ಬಣ್ಣದ ಅಂಚು.

"ಅತ್ತೆ, ಇದು ಒಂದು ಮೈಲಿ ದೂರಕ್ಕೆ ಕಾಣುತ್ತೆ!"

"ಕಾಣ್ಲಿ ಬಿಡೇ. ನಾವು ಹಕ್ಕಿ ಹುಡುಕ್ಕೊಂಡು ಹೋಗೋದ್ಯಾಕೆ? ನಮ್ಮ ನೆಂಟರು ಯಾರೋ ಬಂದಿದಾರೆ ಅಂದ್ಕೊಂಡು ಅವೇ ಬರ್ತವೆ."

ಹಾಜರಿ

ಕೀನ್ಯಾದ ಹುಲ್ಲುಗಾವಲಿನಲ್ಲಿ ಮೊದಲ ದಿನ. ವ್ಯಾನ್ ಹೊರಡುವ ಮೊದಲು ಗೈಡ್ ಪ್ರತಿ ಸಲವೂ ಬಾಗಿಲ ಹತ್ತಿರ ನಿಂತು ಬೆರಳು ತೋರಿಸುತ್ತಾ ಸ್ವಾಹಿಲಿಯಲ್ಲಿ ತಲೆ ಎಣಿಸುತ್ತಿದ್ದ. ಆ ಭಾಷೆಯಲ್ಲಿ ಎಂಟಕ್ಕೆ 'ನಾನೆ' ಎನ್ನುತ್ತಾರೆ. ಹಿಂದಿನ ಸೀಟಿನ ಮೂಲೆಯಲ್ಲಿ ಕೂತ ಅತ್ತೆಯೇ ಎಂಟನೆಯವರು. ಗೈಡ್ ಅವರತ್ತ ಬೆರಳು ತೋರಿಸಿ "ನಾನೆ" ಎಂದ.

ಅತ್ತೆಯ ಮುಖ ಅರಳಿತು. "ಹೂಂ ಕಣಪ್ಪಾ, ನಾನೇ!" ಎಂದವರು ನನ್ನ ಕಡೆ ತಿರುಗಿ, "ಎಷ್ಟು ಬೇಗ ಕನ್ನಡ ಕಲ್ತಿದಾನೆ ನೋಡು. ನಿನ್ನ ಮಕ್ಕಳೂ ಇದಾವೆ" ಎಂದರು.

ನಾನು ಬಿಡಿಸಿ ಹೇಳಿದೆ. ಅವರಿಗದು ಒಪ್ಪಿಗೆಯಾಗಲಿಲ್ಲ. ಅಲ್ಲಿಂದ ಮುಂದೆ ಅವನು ಎಣಿಸಲು ಶುರುಮಾಡಿದರೆ ಸಾಕು, ತಮ್ಮ ಸರದಿ ಬರುವ ಮೊದಲೇ "ನಾನೇ!" ಎಂದು ಹಾಜರಿ ಹೇಳಿಬಿಡುತ್ತಿದ್ದರು.

ಮಧ್ಯಾಹ್ನ ಊಟಕ್ಕೆಂದು ದಾರಿಯಲ್ಲಿ ನಿಲ್ಲಿಸಿದ್ದೆವು. ಮತ್ತೆ ಹತ್ತಿ ಕೂತಾಗ ಗೈಡ್ ಒಂದು ಕಣ್ಣು ದೂರದ ಹದ್ದಿನ ಮೇಲಿಟ್ಟುಕೊಂಡು ಎಣಿಸುತ್ತಾ ಬಂದ. ಏಳಕ್ಕೆ ಬರುವಷ್ಟರಲ್ಲಿ ಹಿಂದಿನಿಂದ "ನಾನೇ!" ಎಂದು ಕೂಗು ಬಂತು. ಎಂಟಾಯಿತಲ್ಲ ಎಂದು ಅವನು ಬಾಗಿಲು ಎಳೆದುಕೊಂಡ. ವ್ಯಾನ್ ಹೊರಟಿತು.

ತುಂಬಾ ಹೊತ್ತು ಪ್ರಯಾಣ ಹಿತವಾಗಿತ್ತು. ಯಾರೂ ಹಾದಿಯ ಬಗ್ಗೆ ಸಲಹೆ ಕೊಡಲಿಲ್ಲ, ಯಾರೂ ಏಸಿ ಜಾಸ್ತಿಯಾಯಿತು ಎನ್ನಲಿಲ್ಲ. ಎಲ್ಲೋ ಏನೋ ಸರಿಯಿಲ್ಲ ಎಂದು ನನಗೆ ಅನುಮಾನ ಬಂದದ್ದೇ ಆ ನೆಮ್ಮದಿಯಿಂದ. ತಿರುಗಿ ನೋಡಿದರೆ ನನ್ನ ಗಂಡ ಇಲ್ಲ.

ವಾಪಸು ಹೋದೆವು. ಪಾಪ, ಹೋಟೆಲಿನ ಟಾಯ್ಲೆಟ್ ಮುಂದೆ, ಕೊರಳಲ್ಲಿ ಬೈನಾಕ್ಯುಲರ್ ಹಾಕಿಕೊಂಡು, ರಸ್ತೆ ನೋಡುತ್ತಾ ನಿಂತಿದ್ದರು. ಮುಖ ಕೆಂಪಗಾಗಿತ್ತು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಮಗನನ್ನು ಗದರಿದರು. "ಹಾಜರಿ ಕರೆಯೋವಾಗ ಎಲ್ಲೋ ಹೋಗಿದ್ದೆ? ಇಸ್ಕೂಲಲ್ಲೂ ನಿಂದು ಇದೇ ಕಥೆ!"

ರತ್ನಪಕ್ಷಿ

ಮಾರನೆಯ ದಿನ ಉಪ್ಪುನೀರಿನ ಸರೋವರ. ದಡದುದ್ದಕ್ಕೂ ಫ್ಲೆಮಿಂಗೋಗಳು. ನೀರೇ ಗುಲಾಬಿ ಬಣ್ಣಕ್ಕೆ ತಿರುಗಿದ ಹಾಗಿತ್ತು. ಅಲ್ಲಿದ್ದ ಪ್ರವಾಸಿಗಳೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಅಷ್ಟರಲ್ಲಿ ಹಿಂದಿನ ಪೊದೆಯಲ್ಲಿ ಏನೋ ಸರಿದಾಡಿತು. ಅತ್ತೆ ತಿರುಗಿದವರೇ "ಅಯ್ಯೋ, ರತ್ನಪಕ್ಷಿ ಕಣ್ರೇ!" ಎಂದು ಕೂಗಿದರು. ನಮ್ಮ ಕೆಂಬೂತದ ಆಫ್ರಿಕಾದ ದಾಯಾದಿ ಅದು. ಕೆಂಚು ರೆಕ್ಕೆ, ಕೆಂಪು ಕಣ್ಣು, ಅದೇ ಸೋಮಾರಿ ನಡಿಗೆ. ರತ್ನಪಕ್ಷಿ ಕಂಡಾಗ ಬೇಡಿಕೊಂಡದ್ದು ಆಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಎಂಟೂ ಜನ ಫ್ಲೆಮಿಂಗೋಗಳಿಗೆ ಬೆನ್ನು ಹಾಕಿ, ಪೊದೆಗೆ ಮುಖ ಮಾಡಿ, ಕೈಮುಗಿದು ನಿಂತೆವು. ನಂಬಿಕೆ ಇಲ್ಲ ಎನ್ನುತ್ತಿದ್ದ ನಾನೂ ಶೂಬಿಲ್ ಕಾಣಲಿ ಎಂದು ಕಣ್ಣುಮುಚ್ಚಿ ಬೇಡಿಕೊಂಡೆ. ರಿಚರ್ಡ್‌ಸನ್‌ನ ಇಂಜಿನಿಯರ್ ಅಂತೂ ಕೆನ್ನೆಗೆ ತಟತಟ ಹೊಡೆದುಕೊಂಡು ಎಲ್ಲರಿಗೂ ಕೇಳುವ ಹಾಗೆ "ಗ್ರೀನ್ ಕಾರ್ಡು, ಗ್ರೀನ್ ಕಾರ್ಡು" ಎಂದು ಜಪ ಮಾಡುತ್ತಿದ್ದ.

"ಅದು ಇಲ್ಲಿ ದಿನಾ ಸಿಗುವ ಹಕ್ಕಿ. ಹೋಟೆಲಿನ ಹಿತ್ತಲಲ್ಲೂ ಇದೆ" ಎಂದು ಗೈಡ್ ಗೋಗರೆದ. ಕೇಳುವವರು ಯಾರು?

ಪಕ್ಕದ ಗಾಡಿಯಿಂದ ಒಬ್ಬ ಅಮೆರಿಕನ್ ಓಡಿಬಂದ. ಬೈನಾಕ್ಯುಲರ್ ಹಾಕಿಕೊಂಡ ಇಷ್ಟು ಜನ ಫ್ಲೆಮಿಂಗೋ ಬಿಟ್ಟು ಪೊದೆ ನೋಡುತ್ತಿದ್ದಾರೆಂದರೆ ಅದೆಷ್ಟು ಅಪರೂಪದ ಹಕ್ಕಿಯೋ ಎಂದು ಅವನಿಗೆ ಏದುಸಿರು. ಇದು ಯಾವ ಹಕ್ಕಿ ಎಂದು ನಮ್ಮ ಇಂಜಿನಿಯರನ್ನು ಪಿಸುಗುಟ್ಟಿ ಕೇಳಿದ.

"ಇಮಿಗ್ರೇಷನ್ ಬರ್ಡ್" ಎಂದ ಇವನು, ಮುಗಿದ ಕೈ ಇಳಿಸದೆ.

"ಮೈಗ್ರೇಷನ್ ಇರಬೇಕು" ಎಂದು ಆತ ಮರ್ಯಾದೆಯಿಂದ ತಿದ್ದಿದ.

ಪೋಲೆ ಪೋಲೆ

ಆಮೇಲೆ ಕಾಡು. ಹಿಂದಿನ ರಾತ್ರಿ ಮಳೆಯಾಗಿ ಇಳಿಜಾರಿನ ದಾರಿ ಜಾರುತ್ತಿತ್ತು. ಮರದ ತುದಿಯಲ್ಲಿ ಟುರಾಕೋ ಎಂಬ ನೀಲಿ ಹಕ್ಕಿ ಕೂತಿದೆ, ಮಾತಾಡಬೇಡಿ ಎಂದು ಗೈಡ್ ತುಟಿಯ ಮೇಲೆ ಬೆರಳಿಟ್ಟ. ಧಾರವಾಡದ ಅಂಕಲ್ ಎಲ್ಲರಿಗಿಂತ ಮುಂದೆ ದಡದಡ ಇಳಿಯುತ್ತಿದ್ದರು. ಸ್ವಾಹಿಲಿಯಲ್ಲಿ ನಿಧಾನ ಎನ್ನುವುದಕ್ಕೆ 'ಪೋಲೆ ಪೋಲೆ' ಎನ್ನುತ್ತಾರೆ. ಗೈಡ್ ಗಾಬರಿಯಿಂದ ಅವರ ತೋಳು ಹಿಡಿದು "ಪೋಲೆ! ಪೋಲೆ!" ಎಂದ.

ಆಂಟಿ ಗಕ್ಕನೆ ನಿಂತರು. ಕಣ್ಣು ಅಗಲ ಮಾಡಿ ಗೈಡನ್ನೂ ಗಂಡನನ್ನೂ ಒಂದು ಸಲ ನೋಡಿದರು.

"ನಾವು ಬಂದು ಇನ್ನೂ ಮೂರು ದಿನಾ ಆಗಿಲ್ಲ, ನಮ್ಮ ಮನಿಯವ್ರು ಪೋಲಿ ಅಂತ ಇವಂಗ ಹೆಂಗ ಗೊತ್ತಾತ್ರೀ? ನನಗ ತಿಳೀಲಿಕ್ಕೆ ಹತ್ತು ವರ್ಷ ಬೇಕಾತು!"

ಅಂಕಲ್ ಸಹಿತ ನಗಲು ಶುರುಮಾಡಿದರು. ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೆಸರಿನಲ್ಲೇ ಕೂತೆವು. ಟುರಾಕೋ ರೆಕ್ಕೆ ಬಡಿದು ಹೋದದ್ದನ್ನು ನೋಡಿದವನು ಗೈಡ್ ಒಬ್ಬನೇ. ಸಂಜೆ ಅವನು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. "ಮೇಡಂ, ನಾಳೆ ಜೌಗಿನಲ್ಲಿ ಹೀಗಾದರೆ ಶೂಬಿಲ್ ಆಸೆ ಬಿಟ್ಟುಬಿಡಿ."

ನನಗೆ ನಗು ನಿಂತುಹೋಯಿತು. ಇಷ್ಟು ದೂರ ಬಂದು ಅದೊಂದನ್ನು ನೋಡದೆ ಹೋಗುವುದೇ? ಅಂದು ಊಟವೂ ಸೇರಲಿಲ್ಲ.

ಜೌಗಿನಲ್ಲಿ

ಉಗಾಂಡಾದ ಆ ಜೌಗಿನಲ್ಲಿ ದೋಣಿಗಳು ಬಲು ಸಣ್ಣವು. ಒಂದೊಂದರಲ್ಲಿ ಇಬ್ಬರು ಮೂವರಷ್ಟೇ. ಅತ್ತೆಯನ್ನು ಮಗನ ದೋಣಿಗೆ ದಾಟಿಸಬೇಕೆಂದು ನಾನು ನಾಜೂಕಾಗಿ ವ್ಯವಸ್ಥೆ ಮಾಡಿದ್ದೆ. ನನ್ನ ಗಂಡ ಅದಕ್ಕಿಂತ ನಾಜೂಕಾಗಿ ಮೊದಲೇ ದೋಣಿ ಹತ್ತಿ ಹೊರಟುಹೋಗಿದ್ದರು. ಗಿಳಿಹಸಿರು ಸೀರೆ ನನ್ನ ಎದುರಿಗೇ ಬಂದು ಕೂತಿತು.

"ಅತ್ತೆ, ನಿಮ್ಮ ದಮ್ಮಯ್ಯ, ಇವತ್ತೊಂದು ದಿನ ಮಾತಾಡಬೇಡಿ. ನಂಗೆ ಇದೊಂದು ಹಕ್ಕಿ ನೋಡ್ಬೇಕು."

ಅವರು ನನ್ನ ಮುಖ ನೋಡಿದರು. ಬ್ಯಾಗಿನಿಂದ ಕಲ್ಲುಸಕ್ಕರೆಯ ದೊಡ್ಡ ಹರಳೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡು ತುಟಿ ಬಿಗಿದರು.

ದೋಣಿಯವನು ಕೋಲೂರಿ ಹುಲ್ಲಿನ ನಡುವೆ ಸಾಗಿದ. ಬಹಳ ಹೊತ್ತು ಏನೂ ಕಾಣಲಿಲ್ಲ. ಬಿಸಿಲೇರಿತು, ನನ್ನ ಆಸೆ ಇಳಿಯಿತು. ಒಂದು ತಿರುವಿನಲ್ಲಿ ದೋಣಿಯವನು ಥಟ್ಟನೆ ಕೋಲು ನಿಲ್ಲಿಸಿದ.

ಹತ್ತು ಮಾರು ದೂರದಲ್ಲಿ ಶೂಬಿಲ್ ನಿಂತಿತ್ತು. ಅದೇ ಬೂದು ಬಣ್ಣ, ಅದೇ ಕೊಕ್ಕು, ಮೇಲಧಿಕಾರಿಯ ಅದೇ ನೋಟ. ನನಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ಕ್ಯಾಮೆರಾ ಎತ್ತಿದೆ. ನಮ್ಮತ್ತೆ ಕಲ್ಲುಸಕ್ಕರೆ ಚೀಪುವುದನ್ನೂ ನಿಲ್ಲಿಸಿ ಕೂತಿದ್ದರು. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಮದುವೆಯಾದ ಮೇಲೆ ಕಂಡೇ ಇಲ್ಲ.

ಆಗ ಆ ಹಕ್ಕಿ ನಿಧಾನವಾಗಿ ನಮ್ಮ ಕಡೆ ತಿರುಗಿತು. ಅತ್ತೆಯನ್ನು ದಿಟ್ಟಿಸಿತು. ಆಮೇಲೆ ಕುತ್ತಿಗೆ ಬಗ್ಗಿಸಿ, ತಲೆಯನ್ನು ನೀರಿಗೆ ಮುಟ್ಟುವ ಹಾಗೆ ತಗ್ಗಿಸಿತು. ಶೂಬಿಲ್‌ಗಳು ಹೀಗೆ ತಲೆಬಾಗುವುದುಂಟು ಎಂದು ನಾನು ಓದಿದ್ದೆ. ಅತ್ತೆ ಓದಿರಲಿಲ್ಲ. ಹಿರಿಯರ ಎದುರು ಯಾರಾದರೂ ಬಗ್ಗಿದರೆ ಏನು ಮಾಡಬೇಕೆಂದು ಮಾತ್ರ ಅವರಿಗೆ ಗೊತ್ತು. ಬಲಗೈ ತಾನಾಗಿ ಮೇಲೆದ್ದಿತು.

"ದೀರ್ಘಸುಮಂಗಲೀ ಭವ!"

ಜೌಗಿನ ಆಚೆ ದಡದಿಂದ ಅದು ಪ್ರತಿಧ್ವನಿಸಿತು. ಮುಗಿಯಿತು ನನ್ನ ಕಥೆ ಎಂದು ಕಣ್ಣು ಮುಚ್ಚಿಕೊಂಡೆ. ರೆಕ್ಕೆಯ ಸದ್ದಿಗೆ ಕಾದೆ. ಬರಲಿಲ್ಲ. ಕಣ್ಣು ಬಿಟ್ಟರೆ ಹಕ್ಕಿ ಅಲ್ಲೇ ಇದೆ, ದೋಣಿಯವನು ಮಾತ್ರ ಬೆದರಿದ್ದಾನೆ.

"ಅಮ್ಮ ಏನಂದರು?" ಎಂದು ಪಿಸುಗುಟ್ಟಿದ.

"ಗಂಡನ ಜೊತೆ ನೂರು ಕಾಲ ಬಾಳು ಅಂತ ಹಕ್ಕಿಗೆ ಆಶೀರ್ವಾದ ಮಾಡಿದರು."

"ಅದು ಗಂಡು, ಮೇಡಂ. ಇನ್ನೂ ಜೋಡಿ ಸಿಕ್ಕಿಲ್ಲ."

ಅತ್ತೆಗೆ ಹೇಳಿದೆ. ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ. ಕೈ ಇಳಿಸದೆಯೇ ತಿದ್ದಿಕೊಂಡರು. "ಹಾಗಾದ್ರೆ ಶೀಘ್ರಮೇವ ವಿವಾಹ ಪ್ರಾಪ್ತಿರಸ್ತು!"

ಶೂಬಿಲ್ ಇನ್ನೊಮ್ಮೆ, ಮೊದಲಿಗಿಂತ ಆಳವಾಗಿ ಬಗ್ಗಿತು.

ದೋಣಿ ನಗುವಿಗೆ ಅಲ್ಲಾಡತೊಡಗಿತು. ನಾನು ಆ ಹಕ್ಕಿಯನ್ನು ಕಣ್ತುಂಬ ನೋಡಿದೆ, ಆದರೆ ತೆಗೆದ ಫೋಟೋ ಒಂದೂ ನೆಟ್ಟಗಿಲ್ಲ. ಅತ್ತೆ ಮಾತ್ರ ನಗಲಿಲ್ಲ. ಗಡಿಬಿಡಿಯಿಂದ ತಮ್ಮ ಬ್ಯಾಗ್ ತಡಕಾಡಿದರು, ಸಿಗಲಿಲ್ಲವೆಂದು ನನ್ನ ಮೊಣಕಾಲು ತಿವಿದರು.

"ಆ ಮಗು ಎರಡೆರಡು ಸಲ ನಮಸ್ಕಾರ ಮಾಡ್ತು ಕಣೇ, ಬರಿಗೈಲಿ ಹೇಗೆ ಕಳಿಸೋದು? ಡಾಲರ್ ಇದ್ರೆ ಕೊಡು!"